ಸಾರಥಿ ಕೇಳೋ ಮೂರನೇ ಪ್ರಶ್ನೆ

ಬಳ್ಳಾರಿ, 17 ಆಗಸ್ಟ್ 2025, ಭಾನುವಾರ

ಇವತ್ತು ಹೊಸ ಆಟಕ್ಕೆ ಪಾತ್ರ ಕಟ್ಟಿದ ದಿನ. ಮಧ್ಯಾಹ್ನ ಕೂತವರು ಎದ್ದಾಗ ಕತ್ತಲಾಗಿತ್ತು. ಒಂದು ರಾಕ್ಷಸನನ್ನೂ ಕೊಂದಿಲ್ಲ, ಒಂದು ಗುಹೆಗೂ ನುಗ್ಗಿಲ್ಲ, ಆದರೂ ನನಗೆ ಆಟಕ್ಕಿಂತ ಈ ದಿನವೇ ಜಾಸ್ತಿ ಇಷ್ಟ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ನಾವು ಆಡೋದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗಾಕ್ಸ್, ಡೇವ್ ಆರ್ನೆಸನ್ ಸೇರಿ 1974ರಲ್ಲಿ ತಂದ ಆಟ. ಒಬ್ಬರು ಕಥೆ ನಡೆಸುತ್ತಾರೆ, ನಮ್ಮಲ್ಲಿ ಅದು ನಾನು. ಉಳಿದವರು ತಲಾ ಒಂದು ಪಾತ್ರ ಆಗಿ ಮಾತಾಡುತ್ತಾರೆ. ಆಗುತ್ತೋ ಇಲ್ವೋ ಅನ್ನೋ ಕೆಲಸಕ್ಕೆ ಕೈ ಹಾಕಿದರೆ ಇಪ್ಪತ್ತು ಮುಖದ ದಾಳ ಎಸೆಯಬೇಕು. ನಮ್ಮ ದಾಳ ಬೀಳೋದು ಸ್ಟೀಲ್ ತಟ್ಟೆಯಲ್ಲಿ. ಜೀನ್ಸ್ ಯೂನಿಟ್‌ನಲ್ಲಿ ಕೆಲಸ ಮಾಡೋ ಗೆಳೆಯ ಅದರ ತಳಕ್ಕೆ ಡೆನಿಮ್ ತುಂಡು ಅಂಟಿಸಿದ್ದಾನೆ, ಇಲ್ಲದಿದ್ದರೆ ಠಣ್ ಠಣ್ ಸದ್ದಿಗೆ ಕೆಳಗಿನ ಮನೆಯವರು ಮೇಲೆ ಬಂದುಬಿಡ್ತಾರೆ.

ಸರಿ, ಪಾತ್ರದ ವಿಷಯ. ರಾಯಚೂರಿನಿಂದ ಬರೋ ಹುಡುಗ ಈ ಸಲ ಪುಟಗಟ್ಟಲೆ ಬರೆದುಕೊಂಡು ಬಂದಿದ್ದ. ಅಪ್ಪ ಅಮ್ಮನನ್ನು ಯಾರೋ ಕೊಂದಿದ್ದಾರೆ, ಇವನು ಕಾಡಲ್ಲಿ ಬೆಳೆದಿದ್ದಾನೆ, ಯಾರನ್ನೂ ನಂಬಲ್ಲ, ಕಪ್ಪು ಕಂಬಳಿ ಹೊದ್ದು ಮೂಲೆಯಲ್ಲಿ ಕೂರ್ತಾನೆ. ಈ ಆಟ ಆಡಿದವರಿಗೆಲ್ಲ ಈ ಮನುಷ್ಯ ಚೆನ್ನಾಗಿ ಗೊತ್ತು. ಬರಹ ಚೆನ್ನಾಗೇ ಇತ್ತು, ಸುಮ್ನೆ ಹೇಳ್ತಿಲ್ಲ. ಆದರೆ ಯಾರನ್ನೂ ನಂಬದವನು ನಾಲ್ಕು ಜನರ ಜೊತೆ ಯಾಕೆ ಹೊರಡ್ತಾನೆ? ಅವನ ಕಥೆಯಲ್ಲಿ ಆಗಬೇಕಾದ್ದೆಲ್ಲ ಆಟ ಶುರುವಾಗೋ ಮೊದಲೇ ಆಗಿ ಮುಗಿದಿದೆ.

ಅದಕ್ಕೇ ನಾನು ಹಾಳೆ ಎಲ್ಲ ಪಕ್ಕಕ್ಕಿಡಿಸಿ ಬಯಲಾಟದ ಪದ್ಧತಿ ತರ್ತೀನಿ. ನಮ್ಮ ಕಡೆ ಬೆಳೆದವರು ಬಯಲಾಟದ ಒಂದು ಬಗೆಯಾದ ದೊಡ್ಡಾಟ ನೋಡಿರ್ತೀರಿ. ಭುಜಕೀರ್ತಿ, ಕಿರೀಟ ಹಾಕಿಕೊಂಡು ಅಟ್ಟದ ಹಲಗೆ ಮುರಿಯೋ ಹಾಗೆ ಕುಣಿದು ಬಂದ ರಾಜನನ್ನು ಸಾರಥಿ, ಅಂದ್ರೆ ಆಟ ನಡೆಸಿಕೊಡೋ ಸೂತ್ರಧಾರ, ಹಾಗೇ ಬಿಡಲ್ಲ, ನಿಲ್ಲಿಸಿ ಕೇಳ್ತಾನೆ. ತಾವು ಧಾರು, ತಮ್ಮ ನಾಮಾಂಕಿತವೇನು? ಯಾವ ಊರು? ಈ ಸಭೆಗೆ ಬಂದಂಥ ಕಾರಣವೇನು? ಮಧ್ಯೆ ಮಧ್ಯೆ ಕಾಲೂ ಎಳೀತಾನೆ. ನಮ್ಮಲ್ಲೂ ಒಬ್ಬರು ಸಾರಥಿ. ಪಾತ್ರಧಾರಿ ಎದ್ದು ನಿಲ್ಲಬೇಕು, ಪಾತ್ರದ ಬಾಯಲ್ಲೇ ಉತ್ತರ ಕೊಡಬೇಕು, ಚೀಟಿ ನೋಡೋ ಹಾಗಿಲ್ಲ. ಹೆಸರು, ಊರು ಎಲ್ಲರೂ ಹೇಳ್ತಾರೆ. ಮೂರನೆಯದಕ್ಕೆ ಬಂದಾಗಲೇ ತಡವರಿಸೋದು.

ಇವತ್ತು ತಡವರಿಸದೆ ಹೇಳಿದವಳು ನನ್ನ ಚಿಕ್ಕಪ್ಪನ ಮಗಳು. ಕಳೆದ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಅನ್ನೋ ತಡೆ ಹಲಗೆ ಇಳಿಸಿದರಲ್ಲ, ಆ ಸುದ್ದಿಯನ್ನು ಅವಳು ಬಿಡದೆ ನೋಡಿದ್ದಳು. ಎದ್ದು ನಿಂತವಳೇ, "ನಾನು ಹುಲಿಗೆವ್ವ, ರಾಜರ ಕಟ್ಟೆಯ ಕೊನೇ ತೂಬಿನ ಕಾವಲಿನವಳು. ಸರಪಳಿ ತಾನಾಗೇ ಹರಿದಿಲ್ಲ, ಯಾರೋ ಕಡಿದಿದ್ದಾರೆ. ಕಡಿದವನು ನಿಮ್ಮ ಊರಿಗೆ ಬಂದಿದ್ದಾನೆ ಅಂತ ಸುದ್ದಿ, ಅದಕ್ಕೇ ಬಂದೆ" ಅಂದಳು. ಅಷ್ಟೇ. ಕಥೆ ನಡೆಸೋ ನನಗೆ ಇಷ್ಟರಲ್ಲೇ ಒಬ್ಬ ಖಳನಾಯಕ, ಮುಳುಗಿದ ಹಳ್ಳಿಗಳು, ಹುಲಿಗೆವ್ವನ ಮಾತು ನಂಬದ ಒಂದು ಊರು, ಎಲ್ಲ ಸಿಕ್ಕಿಬಿಡ್ತು.

ಆಮೇಲೆ ಅಂಕಿ. ಈ ಆಟದ ಐದನೇ ಆವೃತ್ತಿಯಲ್ಲಿ, ಪಾತ್ರದ ಗುಣಗಳನ್ನು ಗೊತ್ತುಮಾಡೋಕೆ ದಾಳ ಬೇಡ ಅನ್ನೋರಿಗೆ 15, 14, 13, 12, 10, 8 ಅಂತ ಸಿದ್ಧ ಅಂಕಿಗಳಿವೆ. ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು, ಈ ಆರಕ್ಕೆ ಹಂಚಬೇಕು. 15 ಎಲ್ಲಿಗೆ ಅಂತ ಎಲ್ಲರೂ ತಲೆ ಕೆಡಿಸಿಕೊಳ್ತಾರೆ, ನಾನು ಕೇಳೋದು 8 ಎಲ್ಲಿಗೆ ಅಂತ. ಅವಳು ಚುರುಕಿಗೆ ಹಾಕಿದಳು. ಆ ರಾತ್ರಿ ಸರಪಳಿಯ ತುಂಡು ಮೊಣಕಾಲಿಗೆ ಬಡಿದಿತ್ತಂತೆ. ಚುರುಕು 8 ಆದ್ದರಿಂದ ಇನ್ನು ಆಯ ತಪ್ಪದೆ ನಿಲ್ಲೋದು, ಸದ್ದಿಲ್ಲದೆ ನುಸುಳೋದು, ಬಚ್ಚಿಟ್ಟುಕೊಳ್ಳೋದು ಏನೇ ಮಾಡಿದರೂ ದಾಳದಲ್ಲಿ ಬಂದದ್ದರಲ್ಲಿ ಒಂದು ಕಳೀಬೇಕು. ಆ ಒಂದು ಕಳೆದಾಗಲೆಲ್ಲ ಡ್ಯಾಮು ನೆನಪಾಗುತ್ತೆ, ಅಲ್ವಾ?

ಜೀನ್ಸ್ ಗೆಳೆಯನಿಗೆ ಸಿದ್ಧ ಅಂಕಿ ಅಂದ್ರೆ ಆಗಲ್ಲ. ಆರು ಮುಖದ ನಾಲ್ಕು ದಾಳ ಎಸೆದು ಚಿಕ್ಕದನ್ನು ಬಿಟ್ಟು ಉಳಿದ ಮೂರನ್ನು ಕೂಡಿಸೋ ಪದ್ಧತಿಯೂ ಅವನಿಗೆ ಮೆತ್ತಗೆ. ಅದರಲ್ಲಿ ಸರಾಸರಿ 12ರ ಮೇಲೆ ಬರುತ್ತೆ. ಹಳೇ ಕಾಲದ ಹಾಗೆ ಮೂರೇ ದಾಳ, ಸರಾಸರಿ 10.5, ಶಕ್ತಿಯಿಂದ ವರ್ಚಸ್ಸಿನವರೆಗೆ ಬಿದ್ದ ಕ್ರಮದಲ್ಲೇ. 1977ರಲ್ಲಿ ಬಂದ ಟ್ರಾವೆಲರ್ ಅನ್ನೋ ಆಟದಲ್ಲಿ ಪಾತ್ರ ಕಟ್ಟುವಾಗಲೇ ದಾಳ ಕೈಕೊಟ್ಟರೆ ಪಾತ್ರ ಸತ್ತೇ ಹೋಗ್ತಿತ್ತು, ಅದನ್ನು ಹೇಳಿ ಹೇಳಿ ನಗ್ತಾನೆ. ಹೊಸಬರಿಗೆ ನಾನು ಸಿದ್ಧ ಅಂಕಿಯನ್ನೇ ಕೊಡೋದು. ಇವನಂಥವರಿಗೆ ದಾಳವೇ ಸರಿ, ತಾವಾಗಿ ಎಂದೂ ಆರಿಸದ್ದು ತಲೆ ಮೇಲೆ ಬಿದ್ದಾಗ ಇವರ ತಲೆ ಓಡುತ್ತೆ. ಇವತ್ತು ಚುರುಕಿಗೆ 16, ವಿವೇಕಕ್ಕೆ 5 ಬಿತ್ತು. ಕಳ್ಳ ಅಂತೂ ಆದ. ವಿವೇಕ ಇಲ್ಲದ ಕಳ್ಳ ಹೇಗಿರ್ತಾನೆ? ಬಣ್ಣದ ತೊಟ್ಟಿಯಲ್ಲಿ ಕೆಲಸ ಮಾಡಿ ಕೈ ತೊಳೆಯದೆ ಕಳ್ಳತನಕ್ಕೆ ಹೋಗೋನು! ನುಗ್ಗಿದ ಮನೆಯ ಬಾಗಿಲ ಮೇಲೆಲ್ಲ ನೀಲಿ ಬೆರಳಿನ ಗುರುತು. ನಕ್ಕೂ ನಕ್ಕೂ ಮಿರ್ಚಿ ಎಣ್ಣೆ ನನ್ನ ಹಾಳೆಗೆಲ್ಲ ಆಯ್ತು.

ಕಂಬಳಿ ವೀರ ಮಾತ್ರ ಸಾರಥಿ ಎದುರು ನಿಂತು, "ಕಾರಣ ಹೇಳಲ್ಲ, ಅದು ಗುಟ್ಟು" ಅಂದ. ಸಾರಥಿ "ಹಂಗಾದ್ರೆ ಮನೀಗೆ ಹೋಗ್ರಿ ಮಹಾರಾಜರೇ" ಅಂದುಬಿಟ್ಟಳು. ಹುಡುಗ ಸ್ವಲ್ಪ ಸಪ್ಪಗಾದ. ಮುಂದಿನ ಭಾನುವಾರದೊಳಗೆ ಯೋಚಿಸ್ತೀನಿ ಅಂತ ಹೇಳಿ ಹೋಗಿದ್ದಾನೆ. ಅವನಿಗೆ ಹೊಳೆಯದಿದ್ದರೆ ನನ್ನ ಹತ್ತಿರ ಒಂದಿದೆ: ಆ ಕಂಬಳಿ ಅವನದ್ದಲ್ಲ, ಹುಲಿಗೆವ್ವನ ಹತ್ತಿರ ಸಾಲಕ್ಕೆ ತಂದದ್ದು, ಇನ್ನೂ ದುಡ್ಡು ಕೊಟ್ಟಿಲ್ಲ.