ಒಂಬತ್ತು ನುಸಿ, ಒಂದು ಹೆಸರು

2024 ನವೆಂಬರ್ 17, ಭಾನುವಾರ
ಬೆಂಗಳೂರು

ಹೊಸ ಜಾತಿಯಿರಬಹುದಾದ ಒಂದು ನುಸಿಯ ವರ್ಣನೆಯಲ್ಲಿ ಬೆಳಗಿನಿಂದ ಬರೆದದ್ದು ಒಂದೂವರೆ ವಾಕ್ಯ. ಅದರಲ್ಲೂ ಅರ್ಧವನ್ನು ಸಂಜೆ ಅಳಿಸಿಹಾಕಿದೆ. ‘ಮೈಬಣ್ಣ ಕಡುಗಂದು, ಕಾಲುಗಳೂ ಅದೇ ಬಣ್ಣ’ ಎಂದು ಬರೆದು ಸ್ಲೈಡುಗಳನ್ನು ಮತ್ತೊಮ್ಮೆ ನೋಡಿದರೆ ಒಂದರ ಮುಂಗಾಲು ಹಳದಿಗೆ ತಿರುಗಿದೆ. ಪೊರೆ ಕಳಚಿ ಆಗಷ್ಟೇ ಹೊರಬಂದು, ಬಣ್ಣ ಇನ್ನೂ ಕೂಡಿರದ ಎಳೆಯದೋ? ಅಥವಾ ಈ ಜಾತಿಯ ಬಣ್ಣವೇ ಹೀಗೋ? ಇರುವುದೇ ಒಂಬತ್ತು ಮಾದರಿ. ಆರು ಹೆಣ್ಣು, ಮೂರು ಗಂಡು.

ಒಂಬತ್ತೂ ಸಿಕ್ಕಿದ್ದು ಶಿರಸಿ ಕಡೆಯ ಒಂದು ಸೊಪ್ಪಿನ ಬೆಟ್ಟದಲ್ಲಿ. ಮುರಿದ ಕೊಂಬೆಯೊಂದು ಒಣಗಿದ ಎಲೆಗಳ ಸಮೇತ ನೇತಾಡುತ್ತಿತ್ತು. ಕೆಳಗೆ ಬಿಳಿ ತಟ್ಟೆ ಹಿಡಿದು ಕೋಲಿನಿಂದ ತಟ್ಟಿದೆ. ಧೂಳು, ಜೇಡ, ಇರುವೆಗಳ ಜೊತೆ ಇವೂ ಉದುರಿದವು. ಹೊಟ್ಟೆಯ ತುದಿಯನ್ನು ಮೇಲೆತ್ತಿಕೊಂಡು ನಡೆಯುವ ಆ ಚಾಳಿಯಿಂದಲೇ ಥ್ರಿಪ್ಸ್ ಎಂದು ಗುರುತು ಹತ್ತಿತು. ಮೂರು ಮಿಲಿಮೀಟರಿಗೂ ಕಡಿಮೆ ಉದ್ದ. ಒದ್ದೆ ಕುಂಚದ ತುದಿಯಲ್ಲಿ ಒಂದೊಂದಾಗಿ ಎತ್ತಿ ಆಲ್ಕೊಹಾಲ್ ಸೀಸೆಗೆ ಹಾಕಿದೆ.

ಕನ್ನಡದಲ್ಲಿ ಇದಕ್ಕೆ ನುಸಿ ಎನ್ನುತ್ತಾರೆ. ಆದರೆ ತೆಂಗಿಗೆ ಬರುವ, ನಾಲ್ಕೇ ಕಾಲಿನ ಜಾತಿಯದೂ ನುಸಿ, ಅಕ್ಕಿ ಡಬ್ಬಿಯಲ್ಲಿರುವುದೂ ನುಸಿ. ಗ್ರೀಕರೇನೂ ನಮಗಿಂತ ಶಿಸ್ತಿನವರಲ್ಲ. ಥ್ರಿಪ್ಸ್ ಎಂಬುದು ಅವರಲ್ಲಿ ಮರ ಕೊರೆಯುವ ಹುಳದ ಹೆಸರು. ಅದು ಏಕವಚನವೂ ಹೌದು, ಒಂದಿದ್ದರೂ ಥ್ರಿಪ್ಸ್, ಸಾವಿರವಿದ್ದರೂ ಥ್ರಿಪ್ಸ್. ಈ ಗಣದ ಥೈಸನಾಪ್ಟೆರ ಎಂಬ ಹೆಸರು ಮಾತ್ರ ನನಗೆ ಬಹಳ ಇಷ್ಟ: ಕುಚ್ಚಿನ ರೆಕ್ಕೆಯವು. ರೆಕ್ಕೆ ಎಂದರೆ ಒಂದು ಕಿರಿದಾದ ಪಟ್ಟಿ, ಅದರ ಅಂಚಿಗೆ ಸೀರೆಯ ಸೆರಗಿಗೆ ಕಟ್ಟಿದ ಕುಚ್ಚಿನಂತೆ ಉದ್ದುದ್ದ ಕೂದಲು.

ಆ ಕುಚ್ಚನ್ನು ಹರಡಿ ಕೂರಿಸುವುದರಲ್ಲೇ ಅಕ್ಟೋಬರ್ ಕಳೆಯಿತು. ಕಾಸ್ಟಿಕ್ ಸೋಡಾದಲ್ಲಿ ಒಳಗಿನ ಮಾಂಸ ಕರಗಿಸಬೇಕು, ಹಂತಹಂತವಾಗಿ ಗಾಢವಾಗುವ ಆಲ್ಕೊಹಾಲಿನಲ್ಲಿ ನೀರಿನಂಶ ತೆಗೆಯಬೇಕು, ಲವಂಗದ ಎಣ್ಣೆಯಲ್ಲಿ ತಿಳಿಯಾಗಿಸಬೇಕು, ಕೊನೆಗೆ ಕೆನಡಾ ಬಾಲ್ಸಮ್ ಅಂಟಿನ ಒಂದು ಹನಿಯಲ್ಲಿ ಮಲಗಿಸಬೇಕು. ಸೂಕ್ಷ್ಮ ಸೂಜಿಯಿಂದ ಮೀಸೆ ನೇರ ಮಾಡುವಾಗ ಉಸಿರು ಬಿಗಿಹಿಡಿಯುತ್ತೇನೆ. ಆದರೂ ಐದನೆಯ ಹೆಣ್ಣಿನ ಬಲ ಮೀಸೆಯ ಕೊನೆಯ ಗೆಣ್ಣು ಮುರಿಯಿತು. ಉಳಿದೆಲ್ಲ ದೃಷ್ಟಿಯಿಂದ ಅದೇ ಅತ್ಯುತ್ತಮ ಮಾದರಿಯಾಗಿತ್ತು! ಸೋಡಾದಲ್ಲಿ ಸರಿಯಾಗಿ ಕರಗದ ಇನ್ನೊಂದರಿಂದ ಮಾತ್ರ ಲಾಭವಾಯಿತು. ಅದರ ಹೊಟ್ಟೆಯೊಳಗೆ ಶಿಲೀಂಧ್ರದ ಬೀಜಕಗಳು ಅಗಿಯದೆ ನುಂಗಿದ ರಾಗಿ ಕಾಳಿನಂತೆ ಹಾಗೆಯೇ ಕಾಣುತ್ತಿವೆ. ಒಣ ಎಲೆಯ ಮೇಲಿನ ಬೂಷ್ಟನ್ನು ಮೇಯುವ ಗುಂಪು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೊಸ ಜಾತಿ ಎನ್ನಲು ಇನ್ನೂ ಧೈರ್ಯ ಸಾಲದು. ನಾಲ್ಕು ವರ್ಷಗಳ ಹಿಂದೆ ಇದೇ ಗುಂಪಿನ ಒಂದನ್ನು ಹಿಡಿದು ಹೊಸದೆಂದು ಸಂಭ್ರಮಿಸಿದ್ದೆ, ಲ್ಯಾಬಿನವರಿಗೆಲ್ಲ ಸಿಹಿ ಹಂಚಿದ್ದೆ. ಅದು ಹಳೆಯ ಜಾತಿಯ ಸಣಕಲು ಗಂಡು. ಇವುಗಳಲ್ಲಿ ಚೆನ್ನಾಗಿ ಬೆಳೆದ ಗಂಡಿನ ಮುಂದೊಡೆ ಪೈಲ್ವಾನನ ತೋಳಿನಷ್ಟು ದಪ್ಪ. ಹೊಟ್ಟೆಗಿಲ್ಲದೆ ಬೆಳೆದದ್ದು ಹೆಣ್ಣಿನಂತೆಯೇ ಕಾಣುತ್ತದೆ. ಒಂದೇ ಜಾತಿಗೆ ಎರಡು ಮೂರು ಹೆಸರು ಬಿದ್ದ ಉದಾಹರಣೆಗಳು ಬೇಕಾದಷ್ಟಿವೆ. ಹಾಗಾಗಿ ಈ ಸಲ ದೊಡ್ಡ ಗಂಡು, ಸಣ್ಣ ಗಂಡು ಎರಡರ ಅಳತೆಯನ್ನೂ ಬೇರೆಬೇರೆಯಾಗಿ ಕೊಡುತ್ತಿದ್ದೇನೆ. ಸಿಹಿಯ ಸುದ್ದಿಯನ್ನು ಯಾರೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಮಧ್ಯಾಹ್ನ ಕುಂದಗೋಳದಿಂದ ಮಾಮನ ಫೋನು ಬಂತು. ಬ್ಯಾಡಗಿ ಮೆಣಸಿನ ಗಿಡ ಹೂವಿಗೆ ಬಂದಿದೆಯಂತೆ. ಹೂವನ್ನು ಬಿಳಿ ಕಾಗದದ ಮೇಲೆ ಕೊಡವಿ ನೋಡಿದ್ದಾರೆ. ಕಪ್ಪು ನುಸಿ.

“ನೀನು ಹೊಸ ನುಸಿ ಸಿಕ್ಕಿದೆ ಎಂದಿದ್ದೆಯಲ್ಲ, ಇದೇ ಏನು ತಂಗಿ?”

ಅಲ್ಲ ಎಂದೆ. ಹಳೆಯ ನುಸಿ ಎಲೆಯನ್ನು ಮೇಲ್ಮುಖವಾಗಿ ಮುದುಡಿಸುತ್ತದೆ. ಅದು ಮುಟುರು ರೋಗ ಎಂದು ಅವರಿಗೆ ಎಂದಿನಿಂದಲೂ ಗೊತ್ತು. ಈ ಕಪ್ಪು ನುಸಿ ಹೂವಿನೊಳಗೇ ಬಿಡಾರ ಹೂಡುತ್ತದೆ. 2021ರ ಹಂಗಾಮಿನಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳಿಗೆ ಇದು ನುಗ್ಗಿ ಹೂವುಗಳನ್ನೆಲ್ಲ ಉದುರಿಸಿದಾಗ ‘ಹೊಸ ನುಸಿ’ ಎಂದೇ ಊರೂರಲ್ಲಿ ಮಾತಾಗಿತ್ತು. ಥ್ರಿಪ್ಸ್ ಪಾರ್ವಿಸ್ಪೈನಸ್ ಎಂದು ಇದರ ಹೆಸರು. ಕಾರ್ನಿ ಎಂಬ ತಜ್ಞ ಆಗ್ನೇಯ ಏಷ್ಯಾದ ಮಾದರಿಗಳನ್ನು ನೋಡಿ ಇದನ್ನು ವರ್ಣಿಸಿದ್ದು 1922ರಲ್ಲಿ. ನಮ್ಮ ದೇಶದಲ್ಲಿ ಇದೆಯೆಂದು 2015ರಲ್ಲೇ ವರದಿಯಾಗಿತ್ತು, ಅದೂ ಇದೇ ಬೆಂಗಳೂರಿನಲ್ಲಿ, ಪಪ್ಪಾಯಿ ಗಿಡದ ಮೇಲೆ.

“ಆರು ವರ್ಷ ಮೊದಲೇ ನಿಮಗೆ ಗೊತ್ತಿತ್ತೇ?” ಎಂದರು ಮಾಮ. ಬಂದಿರುವುದು ಗೊತ್ತಿತ್ತು, ಮೆಣಸಿಗೆ ಹೀಗೆ ಮುಗಿಬೀಳುತ್ತದೆ ಎಂಬುದು ಗೊತ್ತಿರಲಿಲ್ಲ ಎಂದೆ. ಹೇಳುವಾಗಲೇ ನನ್ನ ದನಿ ತಗ್ಗಿದ್ದು ನನಗೆ ಕೇಳಿಸಿತು. ಆ ವರ್ಷ ಅವರು ಏಳು ಬಾರಿ ಔಷಧಿ ಹೊಡೆದಿದ್ದರು. ಮತ್ತೆ ಹಾಗೆ ಹೊಡೆಯಬೇಡಿ, ಮೊದಲು ನೀಲಿ ಅಂಟು ಹಾಳೆ ಕಟ್ಟಿ ನುಸಿ ಎಷ್ಟಿದೆ ನೋಡಿ ಎಂದು ಹೇಳಿದೆ. ‘ಹ್ಞೂಂ’ ಎಂದರು. ಕಟ್ಟುತ್ತಾರೆ ಎಂಬ ಭರವಸೆ ಆ ಹ್ಞೂಂನಲ್ಲಿ ಇರಲಿಲ್ಲ.

ನನ್ನ ನುಸಿಗೆ ಹೆಸರು ಆರಿಸಿಟ್ಟಿದ್ದೇನೆ, ಆದರೆ ಇಲ್ಲಿ ಬರೆಯುವುದಿಲ್ಲ. ವರ್ಣನೆಯಿಲ್ಲದೆ ಹೆಸರನ್ನಷ್ಟೇ ಅಚ್ಚು ಹಾಕಿಸಿದರೆ ಅದನ್ನು ನಮ್ಮ ಶಾಸ್ತ್ರದಲ್ಲಿ ‘ಬೆತ್ತಲೆ ಹೆಸರು’ ಎನ್ನುತ್ತಾರೆ. ಮೊದಲು ಮೈಮೇಲಿನ ಒಂದೊಂದು ಕೂದಲಿನ ಲೆಕ್ಕ ಮುಗಿಯಲಿ. ಹತ್ತಿರದ ಸಂಬಂಧಿಯ ಮೂಲ ಮಾದರಿ ಹೊರದೇಶದ ಸಂಗ್ರಹಾಲಯವೊಂದರಲ್ಲಿದೆ, ಅದರ ತಲೆಯ ಇನ್ನೊಂದು ಚಿತ್ರ ಬರಬೇಕು.

ಫೋನಿಡುವ ಮೊದಲು ಮಾಮ ಕೇಳಿದ್ದರು: “ಅದು ಮೆಣಸಿನ ಗಿಡಕ್ಕೆ ಬರುವುದಿಲ್ಲ ತಾನೇ?”

ಇಲ್ಲ ಮಾಮಾ, ಒಣ ಎಲೆಯ ಬೂಷ್ಟು ತಿಂದುಕೊಂಡಿರುತ್ತದೆ ಎಂದೆ.

“ಹಾಗಿದ್ದರೆ ಒಳ್ಳೆಯ ಹೆಸರೇ ಇಡು.”

ಸ್ಲೈಡುಗಳನ್ನು ಒಣಗಲು ಮತ್ತೆ ಓವನ್ನಿನಲ್ಲಿಟ್ಟು ಬಂದಿದ್ದೇನೆ. ಕೈಯಲ್ಲಿ ಇನ್ನೂ ಲವಂಗದ ವಾಸನೆ. ನಾಳೆ ಆ ಹಳದಿ ಮುಂಗಾಲು.