ಹೆಡ್ ಬಿಚ್ಚಿದ ಶನಿವಾರ

18 ಜನವರಿ 2025

ಕೊನೆಗೂ ಪದ್ಮಿನಿಯ (ಹಳೇ ಫಿಯೆಟ್ ಕಾರು) ಹೆಡ್, ಅಂದರೆ ಎಂಜಿನ್ ಬ್ಲಾಕ್ ಮೇಲಿನ ಮುಚ್ಚಳ, ಬಿಚ್ಚಿಯಾಯಿತು. ಎರಡು ಮತ್ತು ಮೂರನೇ ಸಿಲಿಂಡರ್ ನಡುವೆ ಪ್ಯಾಕಿಂಗ್ (ಹೆಡ್ ಮತ್ತು ಬ್ಲಾಕ್ ನಡುವೆ ಸೋರದಂತೆ ಹಾಕುವ ಗ್ಯಾಸ್ಕೆಟ್) ಸುಟ್ಟು ಕರಿ ಗೆರೆ ಬಿದ್ದಿದೆ. ಸಿಲಿಂಡರ್ ಒತ್ತಡ ಅಳೆಯುವ ಗೇಜ್ ಹಾಕಿದಾಗಲೇ ಅನುಮಾನ ಇತ್ತು. ಒಂದು ಮತ್ತು ನಾಲ್ಕರಲ್ಲಿ 150 ಪಿಎಸ್‌ಐ, ನಡುವಿನ ಎರಡರಲ್ಲೂ 70ರ ಆಸುಪಾಸು. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದರೆ ಮೊದಲು ನೋಡಬೇಕಾದ್ದು ಅವೆರಡರ ನಡುವಿನ ಆ ಸಣ್ಣ ಪಟ್ಟಿಯನ್ನೇ. ನೀರು ಆಯಿಲ್‌ಗೆ ಸೇರಿಲ್ಲ, ಅಷ್ಟು ಪುಣ್ಯ.

ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. "ತಾಮ್ರದ್ದು ಸಿಕ್ತಾ?" ಅಂತ ಕೇಳಿದರು. ಗ್ಯಾರೇಜಿನ ಮೇಸ್ತ್ರಿ ಕೂಡ ಬೆಳಿಗ್ಗೆಯಿಂದ ಅದನ್ನೇ ಹೇಳುತ್ತಿದ್ದಾರೆ. ಸಂಜೆ ಪುಟ್ಟ ಫೋನ್ ಮಾಡಿ, "ಮಾವ, ಎಂಎಲ್‌ಎಸ್ ಬಿಟ್ಟು ಬೇರೆ ಏನೂ ಹಾಕಬೇಡಿ" ಅಂದ. ಅಂದರೆ ಹಲವು ಪದರದ ಸ್ಟೀಲ್ ಪ್ಯಾಕಿಂಗ್. ಮೂರು ಜನ, ಎರಡು ಮತ. ಯಾರದೂ ನನಗೆ ಒಪ್ಪಿಗೆ ಇಲ್ಲ.

ಈ ಎಂಜಿನ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. 1089 ಸಿಸಿ, 68 ಮಿ.ಮೀ. ಬೋರ್ (ಸಿಲಿಂಡರ್ ಅಗಲ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ). ಬ್ಲಾಕ್ ಬೀಡು ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂ. ಚೆನ್ನೈ ಹತ್ತಿರದ ಶೋಲಾವರಂನ ಹಳೇ ರನ್‌ವೇ ಮೇಲೆ ಫಿಯೆಟ್‌ಗಳು ಓಡುವುದನ್ನು ನೋಡಿ ಬಂದ ಚಿಕ್ಕಪ್ಪ ಇದಕ್ಕೆ ಎರಡು ಕಾರ್ಬುರೇಟರ್ ಹಾಕಿಸಿ, ಹೆಡ್ ಕೂಡ ಒಂದಿಷ್ಟು ಉಜ್ಜಿಸಿದರು. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ-ಪೆಟ್ರೋಲ್ ಒತ್ತುವ ಪ್ರಮಾಣ, ಏರಿದೆ. ಗಾಡಿ ಎಳೆತ ಚೆನ್ನಾಗಿದೆ. ಆದರೆ ಅಲ್ಯೂಮಿನಿಯಂ ಬಿಸಿಯಾದಾಗ ಬೀಡಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 70 ಡಿಗ್ರಿ ಬಿಸಿ ಏರಿದರೆ ಒಂದಡಿ ಉದ್ದದಲ್ಲಿ ಎರಡರ ನಡುವೆ ಸುಮಾರು ಕಾಲು ಮಿಲಿಮೀಟರ್ ವ್ಯತ್ಯಾಸ. ಪ್ರತಿ ಸಲ ಎಂಜಿನ್ ಬಿಸಿಯಾಗಿ ತಣ್ಣಗಾದಾಗಲೂ ನಡುವೆ ಸಿಕ್ಕಿಕೊಂಡಿರುವ ಪ್ಯಾಕಿಂಗ್ ಮೇಲೆ ಈ ಉಜ್ಜಾಟ ನಡೆಯುತ್ತಲೇ ಇರುತ್ತದೆ. ಯಾವ ಪ್ಯಾಕಿಂಗ್ ಗಟ್ಟಿ ಅನ್ನುವುದಕ್ಕಿಂತ ಯಾವುದು ಇದನ್ನು ತಾಳಿಕೊಳ್ಳುತ್ತೆ ಅಂತ ಕೇಳಬೇಕು, ಅಲ್ವಾ?

ಬೆಳಿಗ್ಗೆ ನಡೆದದ್ದು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಮೇಸ್ತ್ರಿ ಬ್ಲೇಡ್ ತೆಗೆದುಕೊಂಡು ಬ್ಲಾಕ್ ಮೇಲೆ ಅಂಟಿದ್ದ ಹಳೇ ಪ್ಯಾಕಿಂಗ್ ಕೆರೆಯಲು ಶುರು ಮಾಡಿದರು. ಬೂದುಬಣ್ಣದ ಪುಡಿ ಎದ್ದಿತು. ಸ್ವಲ್ಪ ಕೆರೆದು ಬಾಯಿಂದ ಉಫ್ ಅಂತ ಊದಿದರು. ಪುಡಿಯೆಲ್ಲ ಪಕ್ಕದಲ್ಲಿ ಟ್ರೇ ಹಿಡಿದು ಬಗ್ಗಿ ನಿಂತಿದ್ದ ಹುಡುಗನ ಮುಖಕ್ಕೆ ಹೋಯಿತು.

"ಮೇಸ್ತ್ರಿ, ಒಂಚೂರು ಆಯಿಲ್ ಹಾಕಿ, ಒದ್ದೆ ಮಾಡಿ ಕೆರೀರಿ. ಅದು ಆಸ್ಬೆಸ್ಟಾಸ್."

"ಗೊತ್ತು ಸಾರ್. ಅದಕ್ಕೇ ಅಲ್ವಾ ಇಷ್ಟು ವರ್ಷ ಬಾಳಿಕೆ ಬಂದಿದ್ದು!"

"ಬಾಳಿಕೆ ಮಾತಲ್ಲ ನಾನು ಹೇಳಿದ್ದು. ಆ ಧೂಳು ಒಳಗೆ ಹೋದ್ರೆ ಒಳ್ಳೇದಲ್ಲ."

ಅವರು ನಕ್ಕರು. "ಹದಿನಾರು ವರ್ಷದವನಿದ್ದಾಗಿಂದ ಊದ್ತಾ ಇದೀನಿ. ನೋಡಿ, ಹೇಗಿದೀನಿ!"

ಹೇಗಿದ್ದಾರೆ ಅಂದರೆ, ಎಪ್ಪತ್ತು ದಾಟಿದ್ದಾರೆ, ಆ ಹೆಡ್ ಅನ್ನು ಒಬ್ಬರೇ ಎತ್ತಿ ಬೆಂಚ್ ಮೇಲೆ ಇಟ್ಟರು. ನಾನು ಏನು ಹೇಳಲಿ? ಇಪ್ಪತ್ತರಿಂದ ನಲವತ್ತು ವರ್ಷ ಕಳೆದ ಮೇಲೆ ತಲೆ ಎತ್ತುವ ಕಾಯಿಲೆ ಅದು. ಯುರೋಪಿಯನ್ ಒಕ್ಕೂಟದಲ್ಲಿ 2005ರಿಂದ ಆಸ್ಬೆಸ್ಟಾಸ್ ಬಳಕೆ ನಿಷೇಧವಾಗಿದೆ. ನಮ್ಮಲ್ಲಿ ಇನ್ನೂ ಶೀಟ್ ಮಾಡು ಹಾಕುತ್ತಾರೆ. ಅವರಿಗೆ ಏನೂ ಆಗದೆ ಇರಬಹುದು, ಎಲ್ಲರಿಗೂ ಆಗುವುದಿಲ್ಲ. ಆ ಹುಡುಗನಿಗೆ ಮಾತ್ರ ಮುಂದೆ ನಲವತ್ತು ವರ್ಷ ಇದೆ. ಇಷ್ಟನ್ನೆಲ್ಲ ಅಲ್ಲಿ ನಿಂತು ಹೇಳಿದರೆ ಉಪನ್ಯಾಸ ಆಗುತ್ತದೆ. ಸುಮ್ನೆ ಆಯಿಲ್ ಡಬ್ಬಿ ತಂದು ನಾನೇ ಒದ್ದೆ ಮಾಡಿದೆ. ಮೇಸ್ತ್ರಿ ತಮಾಷೆ ಅಂದುಕೊಂಡು ಕೆರೆದರು. ಹುಡುಗ ಜೇಬಿನಿಂದ ಬಟ್ಟೆ ಮಾಸ್ಕ್ ತೆಗೆದು ಹಾಕಿಕೊಂಡ. ಆ ಸಣ್ಣ ನಾರಿಗೆ ಬಟ್ಟೆ ಮಾಸ್ಕ್ ಲೆಕ್ಕಕ್ಕೇ ಇಲ್ಲ. ಅದನ್ನೂ ಹೇಳಲಿಲ್ಲ.

ಮಧ್ಯಾಹ್ನ ಬೆಂಗಳೂರಿನ ಜೆ.ಸಿ. ರೋಡ್, ಗಾಡಿ ಸಾಮಾನಿನ ಅಂಗಡಿಗಳ ಬೀದಿ. ಹೊಸ ಕಾರುಗಳ ಸಾಮಾನು ಇರುವ ಅಂಗಡಿಗಳಲ್ಲಿ ಪದ್ಮಿನಿ ಅಂದರೆ ಹುಬ್ಬೇರಿಸುತ್ತಾರೆ. ಒಳಗಿನ ಗಲ್ಲಿಯ ಒಂದು ಅಂಗಡಿಯಲ್ಲಿ ಮಾತ್ರ ಗೋಡೆಯ ಮೊಳೆಗೆ ತಾಮ್ರದ ಪ್ಯಾಕಿಂಗ್‌ಗಳ ಗೊಂಚಲೇ ಇತ್ತು. "ಹಳೇ ಸ್ಟಾಕ್ ಸಾರ್, ಇನ್ನು ಬರಲ್ಲ." ಎರಡು ತೆಳು ತಾಮ್ರದ ಹಾಳೆ, ನಡುವೆ ಆಸ್ಬೆಸ್ಟಾಸ್. ಕೈಯಲ್ಲಿ ಹಿಡಿದರೆ ಎಷ್ಟು ಚೆಂದ! ಕೆಲಸವೂ ಚೆನ್ನಾಗಿಯೇ ಮಾಡುತ್ತದೆ. ಮೆತ್ತಗಿರುವುದರಿಂದ ಬ್ಲಾಕ್ ಮೇಲಿನ ಗೀರು, ಸಣ್ಣ ತಗ್ಗು ಎಲ್ಲವನ್ನೂ ತುಂಬಿಕೊಳ್ಳುತ್ತದೆ. ಮೇಸ್ತ್ರಿ ಹೇಳುವುದರಲ್ಲಿ ಸುಳ್ಳಿಲ್ಲ. ಆದರೂ ಬೇಡ. ಇವತ್ತು ಹಾಕುವಾಗ ಯಾರಿಗೂ ತೊಂದರೆ ಇಲ್ಲ, ಮುಂದೆ ಕೆರೆಯುವವನಿಗೆ ತೊಂದರೆ. ಆಗ ಬ್ಲೇಡ್ ಹಿಡಿದಿರುವವನು ಇವತ್ತು ಟ್ರೇ ಹಿಡಿದಿದ್ದ ಹುಡುಗನೇ ಇರಬಹುದು.

ಚಿಕ್ಕಪ್ಪನ ಕಡೆಯವರು ಒಬ್ಬರು ಬರೀ ತಾಮ್ರದ ಹಾಳೆಯಲ್ಲಿ ಕತ್ತರಿಸಿ ಕೊಡುತ್ತಾರಂತೆ, ಆಸ್ಬೆಸ್ಟಾಸ್ ಇಲ್ಲದೆ. ಡ್ರ್ಯಾಗ್ ರೇಸ್‌ನವರು ಹಾಕುವುದು ಅದನ್ನೇ. ಬೆಂಕಿಯನ್ನು ಅದು ಚೆನ್ನಾಗಿ ತಡೆಯುತ್ತದೆ. ಕೆಂಪಗೆ ಕಾಯಿಸಿ ನೀರಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ಉಕ್ಕಿಗೆ ಹಾಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರಕ್ಕೆ ಉಲ್ಟಾ. ತೊಂದರೆ ಇರುವುದು ನೀರಿನ ದಾರಿಯಲ್ಲಿ. ಬರೀ ತಾಮ್ರ ನೀರನ್ನು, ಆಯಿಲ್ ಅನ್ನು ಸರಿಯಾಗಿ ಹಿಡಿಯುವುದಿಲ್ಲ, ಪ್ರತಿ ತೂತಿನ ಸುತ್ತ ಪೇಸ್ಟ್ ಹಚ್ಚಬೇಕು. ರೇಸ್‌ನವರು ಬೋರ್ ಸುತ್ತ ಸಣ್ಣ ತೋಡು ಕೊರೆದು ಸ್ಟೀಲ್ ತಂತಿಯ ಉಂಗುರ ಕೂರಿಸುತ್ತಾರೆ. ಮೇಲಾಗಿ ಕೂಲೆಂಟ್‌ನಲ್ಲಿ ತಾಮ್ರ, ಅಲ್ಯೂಮಿನಿಯಂ ಎರಡೂ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ತಿಂದು ಹೋಗುತ್ತದೆ. ಕೆಲವೇ ರೇಸ್ ಓಡಿ ಮತ್ತೆ ಬಿಚ್ಚುವ ಎಂಜಿನ್‌ಗೆ ಪರವಾಗಿಲ್ಲ. ಭಾನುವಾರ ನಂದಿ ಬೆಟ್ಟಕ್ಕೆ ಹೋಗಿ ಇಡ್ಲಿ ತಿಂದು ಬರುವ ಗಾಡಿಗೆ ಯಾಕೆ?

ಈಗ ಪುಟ್ಟನ ಎಂಎಲ್‌ಎಸ್. ಮೂರರಿಂದ ಐದು ಪದರ ಸ್ಪ್ರಿಂಗ್‌ನಂಥ ಸ್ಟೇನ್‌ಲೆಸ್ ಸ್ಟೀಲ್, ಬೋರ್ ಸುತ್ತ ಉಬ್ಬು, ಮೇಲೆ ತೆಳುವಾಗಿ ರಬ್ಬರ್ ಲೇಪ. ಹೆಡ್ ಮೇಲೇಳಲು ನೋಡಿದರೆ ಉಬ್ಬೂ ಜೊತೆಗೆ ಏಳುತ್ತದೆ, ಪದರಗಳು ಒಂದರ ಮೇಲೊಂದು ಜಾರುತ್ತವೆ. ಬೀಡು ಮತ್ತು ಅಲ್ಯೂಮಿನಿಯಂ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಮಧ್ಯಸ್ಥ ಇಲ್ಲ ಅಂತ ನಾನೂ ಒಪ್ಪುತ್ತೇನೆ. ಆದರೆ ಅದಕ್ಕೆ ಮೇಲ್ಮೈ ಕನ್ನಡಿಯಷ್ಟು ನಯ ಇರಬೇಕು. ಒರಟುತನ 0.8 ಮೈಕ್ರಾನ್ ಒಳಗೆ, ಎರಡೂ ಕಡೆ. ಹೆಡ್ ಅನ್ನು ಲೇತ್ ಅಂಗಡಿಗೆ ಕೊಟ್ಟು ಫೇಸಿಂಗ್ (ಮೇಲ್ಮೈ ಸಮ ಮಾಡುವುದು) ಮಾಡಿಸಬಹುದು. ಬ್ಲಾಕ್ ಇನ್ನೂ ಗಾಡಿಯೊಳಗೇ ಕೂತಿದೆಯಲ್ಲ! ಅದರ ಮೇಲೆ ಹಳೇ ಬ್ಲೇಡ್‌ಗಳ ಗೀರು ಎಷ್ಟೋ ಇದೆ. ಎಂಜಿನ್ ಇಳಿಸಿ, ಪೂರ್ತಿ ಬಿಚ್ಚಿ, ಬ್ಲಾಕ್ ಕೂಡ ಫೇಸ್ ಮಾಡಿಸುವುದಾದರೆ ಮಾತ್ರ ಸ್ಟೀಲ್ ಮಾತು. ಅದೂ ಪದ್ಮಿನಿಗೆ ಅಂಗಡಿಯಲ್ಲಿ ಸಿಗುವುದಲ್ಲ, ಅಳತೆ ಕೊಟ್ಟು ಮಾಡಿಸಬೇಕು.

ಪುಟ್ಟನಿಗೆ ಹಳೇ ಸುಪ್ರಾದ ಕಥೆ ಹೇಳಿದೆ. ಟೊಯೊಟಾದ 7ಎಂ-ಜಿಟಿಇ, ಮೂರು ಲೀಟರ್, ಆರು ಸಿಲಿಂಡರ್, ಟರ್ಬೊ. 1986ರಿಂದ 1992ರವರೆಗಿನ ಗಾಡಿಗಳಲ್ಲಿ ಬಂತು. ಅದರಲ್ಲೂ ಬ್ಲಾಕ್ ಬೀಡು, ಹೆಡ್ ಅಲ್ಯೂಮಿನಿಯಂ. ಹೆಡ್ ಗ್ಯಾಸ್ಕೆಟ್ ಹೋಗುವುದಕ್ಕೇ ಹೆಸರಾದ ಎಂಜಿನ್. ಎಲ್ಲರೂ ಗ್ಯಾಸ್ಕೆಟ್ ಬೈದರು. ನಿಜವಾಗಿ ಕಾರ್ಖಾನೆ ಹೇಳಿದ ಬೋಲ್ಟ್ ಬಿಗಿತವೇ ಕಮ್ಮಿ ಇತ್ತು, 58 ಪೌಂಡ್-ಅಡಿ. ತಿಳಿದವರು 70ರ ಮೇಲೆ ಬಿಗಿದು ನೆಮ್ಮದಿಯಾಗಿ ಓಡಿಸಿದರು. ಬರೀ ಸ್ಟೀಲ್ ಗ್ಯಾಸ್ಕೆಟ್ ತಂದು, ಮೇಲ್ಮೈ ನಯ ಮಾಡಿಸದೆ ಹಾಕಿದವರ ಗಾಡಿ ಮತ್ತೆ ನೀರು ಸೋರಿತು.

"ಹಾಗಾದ್ರೆ ಸ್ಟೀಲ್ ಜೊತೆಗೆ ಬ್ಲಾಕೂ ಮಾಡಿಸಿ" ಅಂದ. ಅವನ ದುಡ್ಡೇನು ಹೋಗಬೇಕು!

ಇನ್ನೊಂದು ಯೋಚನೆ. ಗ್ಯಾಸ್ಕೆಟ್ ಅತಿ ಗಟ್ಟಿ ಇರುವುದೂ ಒಳ್ಳೆಯದಲ್ಲ ಅಂತ ನನಗೆ ಅನಿಸುತ್ತದೆ. ಪೆಟ್ರೋಲ್ ಸರಿಯಿಲ್ಲದೆ, ಕಿಡಿಯ ಟೈಮಿಂಗ್ ಮುಂದಾಗಿ ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಸಿಡಿದು ಬಡಿಯುವುದು) ಶುರುವಾದರೆ ಏನಾದರೂ ಒಂದು ಮುರಿಯಲೇಬೇಕು. ಗ್ಯಾಸ್ಕೆಟ್ ಮುರಿಯದಿದ್ದರೆ ಪಿಸ್ಟನ್ ಮುರಿಯುತ್ತದೆ. ಪದ್ಮಿನಿಗೆ ಒಳ್ಳೆಯ ಪಿಸ್ಟನ್ ಹುಡುಕುವ ಕಷ್ಟ ಗೊತ್ತಿರುವವರು ಯಾರೂ ಈ ಮಾತಿಗೆ ನಗುವುದಿಲ್ಲ.

ಮನೆಗೆ ಬಂದಾಗ ಹಬ್ಬದ ಎಳ್ಳು ಬೆಲ್ಲ ಇನ್ನೂ ಡಬ್ಬಿಯಲ್ಲಿತ್ತು. ಊಟ ಬೇಡ ಅನಿಸಿತು, ಅದನ್ನೇ ತಿಂದು ಲೆಕ್ಕಕ್ಕೆ ಕೂತೆ.

ಗ್ರಾಫೈಟ್ ಕಾಂಪೋಸಿಟ್ ಅಂತಲೇ ತೀರ್ಮಾನ. ನಡುವೆ ತೆಳು ಸ್ಟೀಲ್, ಎರಡೂ ಕಡೆ ಗ್ರಾಫೈಟ್, ಬೋರ್ ಸುತ್ತ ಸ್ಟೀಲ್ ಉಂಗುರ. ಸ್ವಲ್ಪ ಒರಟು ಇದ್ದರೂ ನಡೆಯುತ್ತದೆ. ಗ್ರಾಫೈಟ್ ತಾನೇ ಜಾರುವ ವಸ್ತು, ಹೆಡ್ ಹಿಗ್ಗಿ ಕುಗ್ಗಿದರೂ ತಾಳಿಕೊಳ್ಳುತ್ತದೆ. ಕಷ್ಟ ಇರುವುದು ದಪ್ಪದಲ್ಲಿ. ಹೆಡ್ 0.15 ಮಿ.ಮೀ. ಬಾಗಿದೆ, ಮತ್ತೆ ಉಜ್ಜಲೇಬೇಕು. ಚಿಕ್ಕಪ್ಪ ಮೊದಲೇ ಉಜ್ಜಿಸಿದ್ದು ಬೇರೆ. 68 ಮಿ.ಮೀ. ಬೋರ್‌ಗೆ ಪ್ಯಾಕಿಂಗ್ ಅರ್ಧ ಮಿಲಿಮೀಟರ್ ತೆಳುವಾದರೆ ಸಿಲಿಂಡರ್‌ಗೆ 1.8 ಸಿಸಿ ಜಾಗ ಕಮ್ಮಿ. 9ಕ್ಕೆ 1 ಇದ್ದ ಕಂಪ್ರೆಷನ್ ಸುಮಾರು 9.45 ಆಗುತ್ತದೆ. ಕಾಗದದ ಮೇಲೆ ಚೆಂದ. ಬೇಸಿಗೆಯಲ್ಲಿ ನಂದಿ ಬೆಟ್ಟದ ತಿರುವಿನಲ್ಲಿ ಟಕಟಕ ಶಬ್ದ ಕೇಳಿದಾಗ ಗೊತ್ತಾಗುತ್ತದೆ. ಅದಕ್ಕೇ ದಪ್ಪದ್ದೇ ಬೇಕು, ಒತ್ತಿದ ಮೇಲೆ 1.5 ಮಿ.ಮೀ. ಉಳಿಯುವಂಥದ್ದು. ಚಿಕ್ಕಪ್ಪನಿಗೆ ಇದನ್ನು ಹೇಳುವುದಿಲ್ಲ. ಅವರ ಗಾಡಿಯನ್ನು ನಿಧಾನ ಮಾಡಿದೆ ಅಂತ ವರ್ಷಪೂರ್ತಿ ಅನ್ನುತ್ತಾರೆ.

ಬಿಗಿಯುವ ದಿನ ನಾನೇ ಇರಬೇಕು. ಮೇಸ್ತ್ರಿ ಕೈ ಅಂದಾಜಿನಲ್ಲಿ ಬಿಗಿಯುವವರು, ಬಿಗಿತ ಅಳೆಯುವ ಟಾರ್ಕ್ ರೆಂಚ್ ಕಂಡರೆ ಅವರಿಗೆ ನಗು. ನಡುವಿನಿಂದ ಹೊರಗೆ, ಮೂರು ಹಂತದಲ್ಲಿ. ಬಿಸಿ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿಯಬೇಕೋ ಬೇಡವೋ ಅನ್ನುವುದು ಪ್ಯಾಕಿಂಗ್ ಜೊತೆ ಬಂದ ಚೀಟಿ ನೋಡಿ. ಹುಡುಗನಿಗೇ ರೆಂಚ್ ಕೊಟ್ಟು ಕಲಿಸಿದರೆ ಹೇಗೆ? ಮೇಸ್ತ್ರಿಗೆ ಬೇಜಾರಾಗಬಹುದು. ಕೆರೆಯುವ ವಿಷಯವನ್ನೂ ಆಗಲೇ ಅವನಿಗೆ ಹೇಳಬಹುದು, ಅವರು ಟೀ ಕುಡಿಯಲು ಹೋದಾಗ.

ಹಾಂ, ಹೆಡ್ ಬಿಗಿಯುವ ಸ್ಟಡ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಇಟ್ಟಿದ್ದೇನೆ. ಒಂದು ಸ್ಟಡ್‌ನ ತಿರುಪಿನ ದಾರ ಎಳೆದುಕೊಂಡ ಹಾಗೆ ಕಾಣುತ್ತಿದೆ, ಉಳಿದವುಗಳಿಗಿಂತ ಉದ್ದವೂ ಇದೆ. ಅದು ಕೂತಿದ್ದು ಎರಡು ಮತ್ತು ಮೂರರ ನಡುವೆಯೇ. ಹಾಗಾದರೆ ಪ್ಯಾಕಿಂಗ್‌ದು ಏನೂ ತಪ್ಪೇ ಇಲ್ಲ. ಬ್ಲಾಕ್ ಒಳಗಿನ ದಾರವೂ ಹೋಗಿದ್ದರೆ ಈ ತಾಮ್ರ, ಗ್ರಾಫೈಟ್, ಸ್ಟೀಲ್ ಯಾವುದು ಹಾಕಿ ಏನು, ಮೊದಲು ಹೆಲಿಕಾಯಿಲ್ (ಹೋದ ದಾರದ ಜಾಗಕ್ಕೆ ಕೂರಿಸುವ ತಂತಿಯ ಸುರುಳಿ) ಹಾಕುವವರನ್ನು ಹುಡುಕಬೇಕು.