ಬೀದರಿಗೆ ಹೋದರೆ ಅಂಗಡಿಗೆ ಕೊನೆಯಲ್ಲಿ ಹೋಗಿ

ಅಮ್ಮ ಅಂಗಡಿಯಲ್ಲೇ ಹೇಳಿದ್ದಳು. ಹೂದಾನಿಯನ್ನು ಅಂಗೈ ಮೇಲೆ ಕುಣಿಸಿ ನೋಡಿ, "ಏನೇ ಇದು, ನಮ್ಮನೆ ಸ್ಟೀಲ್ ಚೊಂಬೇ ಇದಕ್ಕಿಂತ ಭಾರ ಇದೆ" ಅಂದಳು. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕಲೆಯ ಬಗ್ಗೆ ಇವಳಿಗೇನು ಗೊತ್ತು ಅಂದುಕೊಂಡು ನಾನು 1,800 ರೂಪಾಯಿ ಎಣಿಸಿ ಕೊಟ್ಟೆ. ಬೀದರಿಗೆ ಬಂದಿಳಿದು ಎರಡು ಗಂಟೆಯೂ ಆಗಿರಲಿಲ್ಲ.

ಅವತ್ತು ನನ್ನ ತಲೆ ಸರಿ ಇರಲಿಲ್ಲ, ಅದಕ್ಕೆ ಬಸ್ಸು ಕಾರಣ. ತುಮಕೂರಿಂದ ರೈಲಿನಲ್ಲಿ ಕಲಬುರಗಿಗೆ ಬಂದು ಅಲ್ಲಿಂದ ಬಸ್ ಹಿಡಿದೆವು. ಹುಮನಾಬಾದ್ ಇನ್ನೂ ದೂರವಿರುವಾಗಲೇ ಟೈರು ಪಂಕ್ಚರ್. ಸ್ಟೆಪ್ನಿ ಹಾಕಿದರು, ಅದರಲ್ಲೂ ಗಾಳಿ ಇರಲಿಲ್ಲ. ತೊಗರಿ ಹೊಲದ ಬದುವಿನಲ್ಲಿ ಒಂದೂವರೆ ಗಂಟೆ ಕೂತಿದ್ದೆವು. ಹಿಂದೆ ಬಂದ ಬಸ್ಸಿಗೆ ನಮ್ಮನ್ನು ಹತ್ತಿಸಿದಾಗ ಅಮ್ಮನಿಗೆ ಮಾತ್ರ ಸೀಟು ಸಿಕ್ಕಿತು, ಅದೂ ಒಬ್ಬ ಹುಡುಗ ಎದ್ದು "ಕೂಡ್ರಿ ಯವ್ವಾ" ಅಂದಿದ್ದಕ್ಕೆ. 2017ರಿಂದ ಕಲಬುರಗಿ-ಬೀದರ್ ನಡುವೆ ನೇರ ರೈಲು ಮಾರ್ಗ ಇದೆ. ಗಾಡಿಗಳು ಕಡಿಮೆ, ಆದರೆ ವಯಸ್ಸಾದವರ ಜೊತೆ ಹೋಗುವವರು ಅದರ ಸಮಯಕ್ಕೆ ತಮ್ಮ ಸಮಯ ಹೊಂದಿಸಿಕೊಳ್ಳುವುದೇ ವಾಸಿ. ಬೆಂಗಳೂರಿಂದ ಬೀದರಿಗೇ ನೇರವಾಗಿ ರಾತ್ರಿ ರೈಲೂ ಇದೆ. ನಾವು ಕಲಬುರಗಿಯನ್ನೂ ಸೇರಿಸಿಕೊಳ್ಳೋಣ ಅನ್ನುವ ದುರಾಸೆಯಿಂದ ಅದನ್ನು ಬಿಟ್ಟಿದ್ದೆವು.

ಲಾಡ್ಜಿನ ಹುಡುಗ ಚೀಲ ಇಳಿಸುತ್ತಲೇ "ಬಿದ್ರಿ ಸಾಮಾನ್ ನೋಡ್ತೀರೇನ್ರಿ ಮೇಡಂ, ನಮ್ ಪರಿಚಯದವ್ರ ಅಂಗಡಿ ಅದ" ಅಂದ. ಆಟೋದವನೂ ಅದೇ ಅಂಗಡಿಯ ಹೆಸರು ಹೇಳಿದ್ದ. ಇಬ್ಬರು ಹೇಳಿದ್ದಾರೆಂದರೆ ಒಳ್ಳೆಯದೇ ಇರಬೇಕು ಅಂದುಕೊಂಡೆ. ಇಬ್ಬರಿಗೂ ಕಮಿಷನ್ ಒಂದೇ ಕಡೆಯಿಂದ ಬರುತ್ತದೆ ಅನ್ನುವುದು ಹೊಳೆಯಲಿಲ್ಲ. ಅಂಗಡಿ ಯಾವುದು ಅಂತ ಬರೆಯುವುದಿಲ್ಲ. ನೀವಾಗಿ ಹುಡುಕದೆ ತಾನಾಗಿ ನಿಮ್ಮನ್ನು ಹುಡುಕಿಕೊಂಡು ಬರುವ ಅಂಗಡಿ ಅದು.

ಮಾರನೆಯ ದಿನ ಶುಕ್ರವಾರ, ಕೋಟೆಗೆ ಹೋದೆವು. ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಇದು ಎಲ್ಲ ಕಡೆ ಬರೆದಿರುತ್ತದೆ, ಓದದೆ ಹೋದದ್ದು ನನ್ನ ತಪ್ಪು. ಕೋಟೆಯೊಳಗಿನ ಅರಮನೆ ರಂಗೀನ್ ಮಹಲಿಗೂ ಬೀಗ, ಕೇಳಲು ಯಾರೂ ಸಿಗಲಿಲ್ಲ. ಸೋಲಾ ಖಂಬಾ ಮಸೀದಿಯ ಹೊರಗೆ ಹುಲ್ಲಿನ ಮೇಲೆ ಕೂತು ಕಿತ್ತಳೆ ತಿಂದು ವಾಪಸ್ ಬಂದೆವು. ಕೋಟೆ ಎಷ್ಟು ದೊಡ್ಡದೆಂದರೆ ಅಮ್ಮನ ಮಂಡಿ ಅಷ್ಟಕ್ಕೇ ಸಾಕು ಅಂದಿತು. ಒಳಗೆ ರಸ್ತೆ ಇದೆ, ಆಟೋ ಹೋಗುತ್ತದೆ. ಹೋಗಿ ಬರುವುದಕ್ಕೂ ಕಾಯುವುದಕ್ಕೂ ಸೇರಿಸಿ ಒಂದೇ ಬಾಡಿಗೆ ಮಾತಾಡಿಕೊಳ್ಳಿ. ನೀರಿನ ಬಾಟಲಿ ಕೈಯಲ್ಲಿರಲಿ.

ಶನಿವಾರ ಮತ್ತೆ ಹೋದೆವು. ಮ್ಯೂಸಿಯಂ ಇರುವುದು ಹಳೆಯ ಶಾಹಿ ಹಮಾಮಿನಲ್ಲಿ, ಅಂದರೆ ಸುಲ್ತಾನರ ಸ್ನಾನಗೃಹದಲ್ಲಿ. ಶಿಲ್ಪ, ಆಯುಧ ಎಲ್ಲ ನೋಡುತ್ತಾ ಹೋದರೆ ಮುಕ್ಕಾಲು ಗಂಟೆ ಸಾಕು. ಆದರೆ ಅಲ್ಲಿಂದ ಹಾಗೇ ಹೊರಟುಬಿಡಬೇಡಿ. ಸಿಬ್ಬಂದಿಯನ್ನು ಕಂಡು ರಂಗೀನ್ ಮಹಲ್ ತೋರಿಸಿ ಅಂತ ಕೇಳಿ. ಬೀಗ ಹಾಕಿದೆ ಅಂತ ಬಾಗಿಲಿಂದಲೇ ಹಿಂದಿರುಗಿದವರನ್ನು ಅವತ್ತೇ ನಾಲ್ಕೈದು ಜನ ನೋಡಿದೆ. ನಾವು ಕೇಳಿದ್ದಕ್ಕೆ ಒಬ್ಬರು ಬೀಗದ ಕೈ ತಂದು ತೆಗೆದರು, ಬೇಸರವಿಲ್ಲದೆ ಜೊತೆಗೇ ನಿಂತರು.

ಒಳಗೆ ಕೆತ್ತಿದ ಮರದ ಕಂಬಗಳು, ಬಣ್ಣದ ಹೆಂಚು. ಅವನ್ನು ದಾಟಿ ಒಳಕೋಣೆಗೆ ಹೋದರೆ ಬಾಗಿಲ ಸುತ್ತ ಕಪ್ಪು ಕಲ್ಲು, ಅದರಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳು. ಹದಿನಾರನೇ ಶತಮಾನದಲ್ಲಿ ಬೀದರಿನ ಸುಲ್ತಾನ ಅಲಿ ಬರೀದ್ ಶಾಹ ಮಾಡಿಸಿದ್ದು. ಟಾರ್ಚ್ ಬೆಳಕು ಓರೆಯಾಗಿ ಬಿದ್ದಾಗ ಚಿಪ್ಪು ಒಮ್ಮೆ ಗುಲಾಬಿ, ಒಮ್ಮೆ ಹಸಿರು. ಕಪ್ಪಿನಲ್ಲಿ ಬಿಳಿ ಹುದುಗಿಸುವ ಹುಚ್ಚು ಈ ಊರಿಗೆ ಎಷ್ಟು ಹಳೆಯದು ಅಂತ ನನಗೆ ಅಲ್ಲಿ ಗೊತ್ತಾಯಿತು. ಉಗುರಿನಿಂದ ಸವರಿದರೂ ಚಿಪ್ಪಿಗೂ ಕಲ್ಲಿಗೂ ನಡುವೆ ತಡೆಯೇ ಸಿಗದು ಅನ್ನುವಷ್ಟು ನಯ. (ಸವರಲಿಲ್ಲ, ಮುಟ್ಟಬೇಡಿ.) ಅಷ್ಟು ಹೊತ್ತಿಗೆ ನನ್ನ ಹೂದಾನಿಯ ಮೇಲಿನ "ಬೆಳ್ಳಿ" ಬೆರಳಿಗೆ ತೊಡರುತ್ತಿದ್ದದ್ದು ನೆನಪಾಗಿ ಹೊಟ್ಟೆಯಲ್ಲಿ ಏನೋ ಆಯಿತು.

ಮಧ್ಯಾಹ್ನ ಅದನ್ನು ಚೀಲದಲ್ಲಿ ಹಾಕಿಕೊಂಡೇ ಚೌಬಾರದ ಕಡೆ ಬಂದೆವು. ಊರ ನಡುವೆ 71 ಅಡಿ ಎತ್ತರದ ದುಂಡು ಗೋಪುರ, ದಾರಿ ತಪ್ಪುವ ಹಾಗೇ ಇಲ್ಲ. ಅಲ್ಲಿಂದ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಕಡೆಗೆ ಹೋಗುವ ರಸ್ತೆಯಲ್ಲೂ ಅದರ ಗಲ್ಲಿಗಳಲ್ಲೂ ಬಿದರಿ ಕೆಲಸದವರಿದ್ದಾರೆ. ಸುತ್ತಿಗೆಯ ಸಣ್ಣ ಟಿಕ್ ಟಿಕ್ ಕೇಳಿದ ಕಡೆ ಒಳಗೆ ಹೋಗಿ. ಗಾಜಿನ ಶೋಕೇಸು, ದೊಡ್ಡ ಲೈಟು ಇರುವ ಕಡೆಗಲ್ಲ.

ಒಬ್ಬ ಹಿರಿಯರು ನೆಲದ ಮೇಲೆ ಕೂತು ಕೆಲಸ ಮಾಡುತ್ತಿದ್ದರು. ಹೂದಾನಿ ತೋರಿಸಿದೆ. ಅವರು ಅದನ್ನು ನೋಡುವ ಮೊದಲು ತೂಕವನ್ನೇ ನೋಡಿದರು, ಅಮ್ಮನ ಹಾಗೇ ಅಂಗೈ ಮೇಲೆ ಕುಣಿಸಿ. ಆಮೇಲೆ ಬಟ್ಟೆಗೆ ಒಂದು ಹನಿ ಥಿನ್ನರ್ ಹಾಕಿ ತಳ ಒರೆಸಿದರು. ಬಟ್ಟೆ ಕಪ್ಪಾಯಿತು, ತಳ ಬೆಳ್ಳಗಾಯಿತು. "ಇದು ಬಣ್ಣ ಅದ ಮೇಡಂ, ಬಿದ್ರಿ ಅಲ್ಲ. ಎಷ್ಟ್ ಕೊಟ್ರಿ?" ನಾನು ಅರ್ಧ ಬೆಲೆ ಹೇಳಿದೆ. ಅಮ್ಮ ಪಕ್ಕದಿಂದ ನಿಜ ಬೆಲೆ ಹೇಳಿದಳು. ಅವರು ನಗಲಿಲ್ಲ, ಚಹಾ ತರಿಸಿದರು.

ಮುಂದಿನ ಒಂದೂವರೆ ಗಂಟೆ ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು. ಬಿದರಿಯ ಲೋಹ ಮುಖ್ಯವಾಗಿ ಸತು, ಜೊತೆಗೆ ಸ್ವಲ್ಪ ತಾಮ್ರ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದಾಗ ಬರುವುದು ಬೂದು ಬಣ್ಣದ ಪಾತ್ರೆ, ಕಪ್ಪೇ ಇರುವುದಿಲ್ಲ. ಅದನ್ನು ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಗೀರು ಕಾಣಲಿ ಅಂತ. ಮೇಲೆ ಕೈಯಿಂದಲೇ ಚಿತ್ರ ಬರೆದು, ಸಣ್ಣ ಉಳಿಯಿಂದ ಕಾಲುವೆಯಂತೆ ಕೊರೆದು, ಆ ಕಾಲುವೆಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಮತ್ತೆ ಉಜ್ಜಿ ಸಮ ಮಾಡುತ್ತಾರೆ. ಕೊನೆಯಲ್ಲಿ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರು ಬೇಕು. ಬಿಸಿ ಮಾಡಿದ ಪಾತ್ರೆಗೆ ಅದು ತಾಗಿದರೆ ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತದೆ. ಯಾವ ಮಣ್ಣಾದರೂ ನಡೆಯುವುದಿಲ್ಲ. ಆ ಹಿರಿಯರು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ, "ರುಚಿ ಹೇಳ್ತದ್ರಿ" ಅಂದರು. ಅಮ್ಮನೂ ಹಚ್ಚಿ ನೋಡಿದಳು. "ಉಪ್ಪುಪ್ಪು" ಅಂದಳು.

ಹಾಗಾಗಿ ಕೊಳ್ಳುವವರಿಗೆ ನನ್ನ 1,800 ರೂಪಾಯಿಯ ಪಾಠ ಪುಕ್ಕಟೆ: ಮೊದಲು ಕೈಯಲ್ಲಿ ಹಿಡಿಯಿರಿ, ಸತು ಇದ್ದರೆ ಗಾತ್ರಕ್ಕೆ ತಕ್ಕ ಭಾರ ಇರುತ್ತದೆ. ಬೆರಳಿನಿಂದ ಸವರಿ, ಬೆಳ್ಳಿಯ ಅಂಚು ತೊಡರಬಾರದು. ಕಪ್ಪು ಬಣ್ಣ ಮಿರಿಮಿರಿ ಹೊಳೆಯುತ್ತಿದ್ದರೆ ಅನುಮಾನ ಪಡಿ, ಅಸಲಿಯದು ಎಣ್ಣೆ ಒರೆಸಿದ ಕಲ್ಲಿನಂತೆ ಮಂಕು. ಬಿಲ್ಲಿನಲ್ಲಿ ಬಿದರಿ, ಬೆಳ್ಳಿ ಕೆಲಸ ಅಂತ ಬರೆಸಿಕೊಳ್ಳಿ. ಬರೆಯಲು ತಡವರಿಸಿದರೆ ಎದ್ದು ಬನ್ನಿ. ಬಿದರಿಗೆ 2006ರಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, 2023ರಲ್ಲಿ ಇಲ್ಲಿನ ಕಲಾವಿದ ಶಾಹ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀಯೂ ಬಂತು. ಹೆಸರು ದೊಡ್ಡದಾದಷ್ಟೂ ನಕಲಿಗೆ ಗಿರಾಕಿ ಜಾಸ್ತಿ. ಇನ್ನೊಂದು ವಿಷಯ, ಕೆಲಸ ಮಾಡುವವರ ಹತ್ತಿರವೇ ಕೊಂಡರೆ ಚೌಕಾಸಿ ಮಾಡಬೇಡಿ. ಅಂಗೈಯಷ್ಟು ಡಬ್ಬಿಯ ಮೇಲೆ ಅವರು ಬಗ್ಗಿ ಕೂರುವುದನ್ನು ನೋಡಿದ ಮೇಲೆ ನನಗಂತೂ ಬಾಯಿ ಬರಲಿಲ್ಲ.

ಮಹಮೂದ್ ಗವಾನ್ ಮದರಸಾ ಪಕ್ಕದಲ್ಲೇ ಇದೆ. 1472ರದು. ಎರಡರಲ್ಲಿ ಒಂದು ಮಿನಾರು ಉಳಿದಿದೆ, ಅದರ ಮೇಲಿನ ನೀಲಿ ಹೆಂಚಿನ ಚೂರುಗಳನ್ನು ಸಂಜೆ ಬಿಸಿಲಿನಲ್ಲಿ ನೋಡಿ. ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿನ ಗುಂಬಜ್‌ಗಳಿಗೆ ಭಾನುವಾರ ಬೆಳಿಗ್ಗೆ ಹೋದೆವು. ಅಹಮದ್ ಶಾಹ ವಲಿಯ ಗೋರಿಯ ಒಳಗೆ ಕತ್ತಲು, ಛಾವಣಿ ತುಂಬ ಬಣ್ಣದ ಚಿತ್ತಾರ. ಅಲ್ಲಿದ್ದವರೊಬ್ಬರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಮೇಲಕ್ಕೆ ಹಾಯಿಸಿ ತೋರಿಸಿದರು, ಮೊಬೈಲ್ ಟಾರ್ಚಿಗಿಂತ ಹತ್ತು ಪಟ್ಟು ಚೆನ್ನ. ಝರಣಿ ನರಸಿಂಹನ ಗುಹಾ ದೇವಸ್ಥಾನಕ್ಕೆ ಹೋಗಿ ಸಾಲು ನೋಡಿ ಹಿಂದಿರುಗಿದೆವು. ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ಜನರ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವುದು ನನ್ನ ಕೈಲಾಗದ ಕೆಲಸ. ನಿಮಗೆ ಆಗುವುದಾದರೆ ರಜಾದಿನ ಬಿಟ್ಟು ಹೋಗಿ.

ಇನ್ನು ಊಟ. ಬಸ್ ನಿಲ್ದಾಣದ ಹತ್ತಿರದ ಗಲ್ಲಿಯಲ್ಲಿ ಬೋರ್ಡೇ ಇಲ್ಲದ ಒಂದು ಖಾನಾವಳಿ. ರೊಟ್ಟಿ ಬಡಿಯುವ ಸದ್ದು ಕೇಳಿ ಒಳಗೆ ಹೋದದ್ದು. ಎಂಟು ಜನ ಕೂತರೆ ತುಂಬುವ ಜಾಗ, ಆಗ ಒಂದೂಟಕ್ಕೆ 80 ರೂಪಾಯಿ. ಒಲೆಯಿಂದ ನೇರವಾಗಿ ತಟ್ಟೆಗೆ ಬಂದು ಬೀಳುವ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು. ಪುಂಡಿಯ ಹುಳಿಗೆ ಬೆಳ್ಳುಳ್ಳಿ ಒಗ್ಗರಣೆ ಎಷ್ಟು ಹದವಾಗಿತ್ತೆಂದರೆ, ಹೊರಗೆ ಊಟ ಮಾಡಿದರೆ ಬರೀ ಮೊಸರನ್ನ ಕೇಳುವ ಅಮ್ಮ ಮೂರು ರೊಟ್ಟಿ ತಿಂದಳು. ಬಡಿಸುತ್ತಿದ್ದ ಅಕ್ಕ, "ಇನ್ನೊಂದ್ ಹಾಕ್ಲೇನ್ರಿ ಯವ್ವಾ, ನಿಮ್ ಕಡಿ ರೊಟ್ಟಿ ಸಿಗಂಗಿಲ್ಲ" ಅನ್ನುತ್ತಲೇ, ಉತ್ತರಕ್ಕೆ ಕಾಯದೆ ನಾಲ್ಕನೆಯದನ್ನೂ ಹಾಕಿದರು. ಶುಕ್ರವಾರದಿಂದ ಭಾನುವಾರದವರೆಗೆ ಐದು ಊಟ ಅಲ್ಲೇ. ಭಾನುವಾರ ರಾತ್ರಿ ಸಜ್ಜಿ ರೊಟ್ಟಿ ಜೊತೆ ಭಜ್ಜಿ ಕೊಟ್ಟರು. ನಮ್ಮ ಕಡೆಯ ಬಜ್ಜಿ ಅಲ್ಲ, ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಒಟ್ಟಿಗೆ ಬೇಯಿಸಿದ ದಪ್ಪ ಪಲ್ಯ. "ನಾಳಿ ಬಂದ್ ಇರ್ತದ್ರಿ, ಎಳ್ಳಮಾಸಿ, ಹೊಲಕ್ಕ ಹೋಗ್ತೀವಿ" ಅಂದರು.

ಎಳ್ಳಮಾಸಿ ಅಂದರೆ ಎಳ್ಳು ಅಮಾವಾಸ್ಯೆ, ಹೊಲದಲ್ಲಿ ಪೂಜೆ ಮಾಡಿ ಅಲ್ಲೇ ಊಟ ಮಾಡುವ ಹಬ್ಬ. ಸೋಮವಾರ ನಿಜಕ್ಕೂ ಊರಿಗೆ ಊರೇ ಹೊಲಕ್ಕೆ ಹೋಗಿತ್ತು. ಕಲಬುರಗಿಗೆ ಬಂದರೆ ಅಲ್ಲೂ ಅಂಗಡಿಗಳು ಅರ್ಧಕ್ಕರ್ಧ ಮುಚ್ಚಿವೆ, ಸರ್ಕಾರಿ ಮ್ಯೂಸಿಯಂಗೆ ಬೀಗ. ಡಿಸೆಂಬರ್ ಕೊನೆ, ಜನವರಿಯಲ್ಲಿ ಈ ಕಡೆ ಬರುವವರು ಎಳ್ಳು ಅಮಾವಾಸ್ಯೆ ಯಾವತ್ತು ಅಂತ ಪಂಚಾಂಗ ನೋಡಿಕೊಳ್ಳಿ. ಪರಿಚಯದವರಿದ್ದರೆ ಅವತ್ತು ಮ್ಯೂಸಿಯಂ ಬಿಟ್ಟು ಅವರ ಹೊಲಕ್ಕೆ ಹೋಗಿ.

ಆ ಹಿರಿಯರ ಹತ್ತಿರ ಕೊನೆಗೆ ಅಡಿಕೆ ಹಾಕಿಡುವ ಸಣ್ಣ ಡಬ್ಬಿ ಕೊಂಡೆವು, ದುಡ್ಡು ಕೊಟ್ಟವಳು ಅಮ್ಮ. ಹುಣಸೆಹಣ್ಣು, ನಿಂಬೆ ತಾಗಿಸಬೇಡಿ, ಒಣ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ ಅಂದಿದ್ದಾರೆ, ಹಾಗೇ ಮಾಡುತ್ತಿದ್ದೇವೆ. ಹೂದಾನಿಯನ್ನು ಗಾಳಿಗೆ ಬಡಿದುಕೊಳ್ಳುವ ಹಿತ್ತಲ ಬಾಗಿಲಿಗೆ ಆನಿಸಿಟ್ಟು ನೋಡಿದೆ. ಅದಕ್ಕೂ ಭಾರ ಸಾಲದು.